ಇಲಿಗೆ ಮೂರು ಪಾಲು, ಕೋಣೆಗೆ ತೊಂಬತ್ತೇಳು

ಓದುಗರ ಪ್ರಶ್ನೆ – ಪ್ರಯೋಗಾಲಯದ ಅರಿವಳಿಕೆ ಅನಿಲ

ಇಲಿ, ಚಿಟ್ಟಿಲಿಗಳಂಥ ಸಣ್ಣ ಪ್ರಾಣಿಗಳ ಮೇಲೆ ಸಂಶೋಧನೆ ನಡೆಸುವವರು ಅವಕ್ಕೆ ಕೊಡುವ ಅರಿವಳಿಕೆ ಅನಿಲವನ್ನು ತಾವೂ ಉಸಿರಾಡುತ್ತಿದ್ದೇವೆಯೇ ಎಂದು ಕೇಳಿ ಬರೆದ ಪತ್ರಗಳು ಈ ಅಂಕಣಕ್ಕೆ ಆಗಾಗ ಬರುತ್ತಿವೆ. ಅವುಗಳಲ್ಲಿ ಏಳನ್ನು ಆರಿಸಿ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಬರೆದವರ ಹೆಸರನ್ನಾಗಲಿ ಸಂಸ್ಥೆಯನ್ನಾಗಲಿ ಇಲ್ಲಿ ಕೊಟ್ಟಿಲ್ಲ.

ಪ್ರಶ್ನೆ: ನಾನು ನರವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ವಾರದಲ್ಲಿ ಮೂರು ದಿನ ಚಿಟ್ಟಿಲಿಗಳಿಗೆ ಐಸೋಫ್ಲೂರೇನ್ ಎಂಬ ಅರಿವಳಿಕೆ ಅನಿಲ ಕೊಟ್ಟು ತಲೆಬುರುಡೆಯ ಶಸ್ತ್ರಚಿಕಿತ್ಸೆ ಮಾಡುತ್ತೇನೆ. ಆ ದಿನಗಳಲ್ಲಿ ಸಂಜೆಯಾಗುವಷ್ಟರಲ್ಲಿ ತಲೆ ಭಾರವಾಗಿ, ಸ್ವಲ್ಪ ಓಕರಿಕೆ ಬಂದಂತಾಗುತ್ತದೆ. ಹಿರಿಯ ಸಹೋದ್ಯೋಗಿಗಳು ‘ವಾಸನೆ ಬರುತ್ತಿಲ್ಲ ಎಂದರೆ ಸೋರಿಕೆ ಇಲ್ಲ, ಜೊತೆಗೆ ಎಸಿ ಬೇರೆ ಓಡುತ್ತಿದೆ’ ಎನ್ನುತ್ತಾರೆ. ಅವರ ಮಾತು ಸರಿಯೇ?
– ಸಂಶೋಧನಾ ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ತಲೆನೋವಿಗೆ ಕಾರಣ ಅನಿಲವೇ ಎಂದು ಪತ್ರ ಓದಿ ಹೇಳಲು ಬರುವುದಿಲ್ಲ. ಊಟ ಬಿಟ್ಟು ಮೂರು ಗಂಟೆ ಮೈಕ್ರೋಸ್ಕೋಪಿಗೆ ಕತ್ತು ಬಾಗಿಸಿ ಕುಳಿತವರಿಗೂ ತಲೆ ನೋಯುತ್ತದೆ. ಆದರೆ ಶಸ್ತ್ರಚಿಕಿತ್ಸೆಯ ದಿನಗಳಲ್ಲಿ ಮಾತ್ರ ಬರುತ್ತದೆ, ಉಳಿದ ದಿನ ಇಲ್ಲ ಎಂದು ನೀವೇ ಬರೆದಿರುವುದರಿಂದ ಅನುಮಾನ ಪಡುವುದು ಸರಿ. ತಲೆಭಾರ, ಓಕರಿಕೆ, ಮಂಕು, ಕಿರಿಕಿರಿ ಇವೆಲ್ಲ ಅರಿವಳಿಕೆ ಅನಿಲವನ್ನು ಅಲ್ಪ ಪ್ರಮಾಣದಲ್ಲಿ ಉಸಿರಾಡಿದವರಲ್ಲಿ ಕಾಣಿಸುವ ಲಕ್ಷಣಗಳೇ. ನಿಮ್ಮ ಹಿರಿಯರ ಎರಡು ಮಾತುಗಳಂತೂ ಎರಡೂ ತಪ್ಪು.

ಮೊದಲು ವಾಸನೆಯ ವಿಷಯ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ, ಅಂದರೆ ನಿಯೋಶ್, 1977ರಲ್ಲಿ ಹ್ಯಾಲೋಥೇನ್ ಗುಂಪಿನ ಅರಿವಳಿಕೆಗಳಿಗೆ (ಐಸೋಫ್ಲೂರೇನ್ ಕೂಡ ಇದೇ ಗುಂಪಿನದು) 2 ಪಿಪಿಎಂ ಮಿತಿಯನ್ನು ಶಿಫಾರಸು ಮಾಡಿತು. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಎರಡು ಪಾಲು ಅನಿಲ ಎಂಬುದು ಇದರ ಅರ್ಥ. ಜನಸಾಮಾನ್ಯರಲ್ಲಿ ಅರ್ಧದಷ್ಟು ಮಂದಿಗೆ ಹ್ಯಾಲೋಥೇನಿನ ವಾಸನೆ ಈ ಮಿತಿಯ 125 ಪಟ್ಟು ಆಗುವವರೆಗೆ ತಿಳಿಯುವುದೇ ಇಲ್ಲ ಎಂದು ಅಲ್ಲಿನ ಕಾರ್ಮಿಕ ಸುರಕ್ಷತಾ ಇಲಾಖೆಯ ಮಾರ್ಗದರ್ಶಿಯೇ ಹೇಳುತ್ತದೆ. ಇದರ ಮೇಲೆ ಮೂಗು ಬೇಗ ಒಗ್ಗಿಹೋಗುತ್ತದೆ. ಕೋಣೆಗೆ ಹೊಸದಾಗಿ ಬಂದವರು ‘ಏನೋ ಸಿಹಿ ವಾಸನೆ’ ಎಂದಾಗ ಒಳಗಿದ್ದವರು ‘ಎಲ್ಲಿ?’ ಎನ್ನುವುದನ್ನು ನಾನು ಹಲವು ಸಲ ನೋಡಿದ್ದೇನೆ. ವಾಸನೆ ಬಂದರೆ ಅನಿಲ ಹೆಚ್ಚಾಗಿದೆ ಎಂದು ತಿಳಿಯಬಹುದು, ಬರದಿದ್ದರೆ ಏನೂ ತಿಳಿದಂತಾಗಲಿಲ್ಲ.

ಇನ್ನು ಸೋರಿಕೆಯ ವಿಷಯ. ಸೋರಿಕೆ ಎಂಬ ಪದವೇ ಇಲ್ಲಿ ದಾರಿ ತಪ್ಪಿಸುತ್ತದೆ. ಆಸ್ಪತ್ರೆಯಲ್ಲಿ ಮನುಷ್ಯರಿಗೆ ಅರಿವಳಿಕೆ ಕೊಡುವಾಗ ಅವರು ಹೊರಬಿಟ್ಟ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ತೆಗೆದು, ಉಳಿದದ್ದನ್ನು ಮತ್ತೆ ಅವರಿಗೇ ಕೊಡುವ ವ್ಯವಸ್ಥೆ ಇರುತ್ತದೆ. ಚಿಟ್ಟಿಲಿಯ ಉಸಿರಿಗೆ ಅಂಥ ಕೊಳವೆಗಳನ್ನು ತಳ್ಳುವಷ್ಟು ಬಲವಿಲ್ಲದ ಕಾರಣ ಹೊಸ ಅನಿಲವನ್ನು ಸತತವಾಗಿ ಅದರ ಮೂತಿಯ ಮುಂದೆ ಹರಿಸುತ್ತಲೇ ಇರಬೇಕಾಗುತ್ತದೆ. 25 ಗ್ರಾಂ ತೂಗುವ ಚಿಟ್ಟಿಲಿ ನಿಮಿಷವೊಂದರಲ್ಲಿ ಉಸಿರಾಡುವುದು ಸುಮಾರು 25ರಿಂದ 30 ಮಿಲಿಲೀಟರ್ ಮಾತ್ರ. ಅನಿಲದ ಹರಿವನ್ನು ತೋರಿಸುವ ನಿಮ್ಮ ಫ್ಲೋಮೀಟರಿನ ಗುಂಡು ನಿಮಿಷಕ್ಕೆ 1 ಲೀಟರಿನಲ್ಲಿ ನಿಂತಿದ್ದರೆ ನೂರಕ್ಕೆ ಮೂರು ಪಾಲು ಪ್ರಾಣಿಯ ಶ್ವಾಸಕೋಶವನ್ನು ಮುಟ್ಟುತ್ತದೆ, ತೊಂಬತ್ತೇಳು ಪಾಲು ಅದರ ಮೂತಿಯನ್ನು ಸವರಿಕೊಂಡು ಹೊರಗೆ ಹೋಗುತ್ತದೆ. ಒಳಹೋದ ಮೂರು ಪಾಲಿನಲ್ಲೂ ಹೆಚ್ಚಿನದು ಉಸಿರಿನೊಂದಿಗೆ ಹಿಂದಿರುಗುತ್ತದೆ, ಏಕೆಂದರೆ ಐಸೋಫ್ಲೂರೇನ್ ದೇಹದಲ್ಲಿ ಕರಗಿ ಬದಲಾಗುವುದು ಶೇಕಡ 0.2ರಷ್ಟು ಮಾತ್ರ. ಹೀಗಾಗಿ ಯಂತ್ರದಲ್ಲಿ ಒಂದೇ ಒಂದು ತೂತಿಲ್ಲದಿದ್ದರೂ, ನೀವು ಹರಿಸಿದ ಅನಿಲವೆಲ್ಲ ಎಲ್ಲಿಗೋ ಹೋಗಲೇಬೇಕು. ಅದನ್ನು ಹಿಡಿದು ಒಯ್ಯುವ ಕೊಳವೆ ಇಲ್ಲದಿದ್ದರೆ ಅದು ಹೋಗುವ ಜಾಗ ನಿಮ್ಮ ಕೋಣೆ.

ಎಸಿಯ ಪ್ರಶ್ನೆಗೆ ಒಂದು ಸರಳ ಲೆಕ್ಕ ಸಾಕು. ಕೋಣೆ 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರ ಎಂದುಕೊಳ್ಳಿ; ಅದರಲ್ಲಿರುವ ಗಾಳಿ 60,000 ಲೀಟರ್. ನಿಮಿಷಕ್ಕೆ 1 ಲೀಟರ್ ಆಮ್ಲಜನಕದಲ್ಲಿ ಶೇಕಡ 2ರಷ್ಟು ಐಸೋಫ್ಲೂರೇನ್ ಹರಿಸಿದರೆ ಗಂಟೆಗೆ 1.2 ಲೀಟರ್ ಆವಿ ಹೊರಬೀಳುತ್ತದೆ. ಪ್ರಯೋಗಾಲಯಗಳಿಗೆ ಸಾಮಾನ್ಯವಾಗಿ ಹೇಳುವಂತೆ ಕೋಣೆಯ ಗಾಳಿ ಗಂಟೆಗೆ 10 ಸಲ ಪೂರ್ತಿ ಬದಲಾಗುತ್ತಿದ್ದರೆ, ಅಷ್ಟೂ ಆವಿ ಕೋಣೆಗೆ ಬಿದ್ದರೂ ಸರಾಸರಿ 2 ಪಿಪಿಎಂನ ಹತ್ತಿರ ನಿಲ್ಲುತ್ತದೆ. ಆದರೆ ಗೋಡೆಗೆ ಹಾಕಿದ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ತರುವುದೇ ಇಲ್ಲ. ಕೋಣೆಯೊಳಗಿನ ಗಾಳಿಯನ್ನೇ ತಂಪು ಮಾಡಿ ಮತ್ತೆ ಮತ್ತೆ ಸುತ್ತಿಸುತ್ತದೆ. ಬಾಗಿಲು ಕಿಟಕಿ ಮುಚ್ಚಿದ ಅಂಥ ಕೋಣೆಯಲ್ಲಿ ಸಂದಿಗಳಿಂದ ಗಂಟೆಗೆ ಅರ್ಧ ಸಲದಷ್ಟು ಗಾಳಿ ಬದಲಾಗುತ್ತದೆ ಎಂದುಕೊಂಡರೆ ಇದೇ ಲೆಕ್ಕ 40 ಪಿಪಿಎಂಗೆ ಏರುತ್ತದೆ. ಇದೂ ಕೋಣೆಯ ಸರಾಸರಿ ಮಾತ್ರ, ನಿಮ್ಮ ಮುಖ ಇರುವುದು ಚಿಟ್ಟಿಲಿಯ ಮೂತಿಗೆ ಅನಿಲ ಕೊಡುವ ನೋಸ್ ಕೋನಿನಿಂದ ಒಂದು ಗೇಣು ದೂರದಲ್ಲಿ.

ನೀವು ಇಂದೇ ಮಾಡಬಹುದಾದದ್ದು ಎರಡು. ಚಿಟ್ಟಿಲಿ ಮಲಗಿ ನೋಸ್ ಕೋನಿಗೆ ಬಂದ ಮೇಲೆ ಹರಿವನ್ನು 1 ಲೀಟರಿನಿಂದ 0.3 ಲೀಟರಿಗೆ ಇಳಿಸಿ. ದ್ರವವನ್ನು ಆವಿ ಮಾಡಿ ಬೆರೆಸುವ ನಿಮ್ಮ ವೇಪರೈಸರ್ ಅಷ್ಟು ಕಡಿಮೆ ಹರಿವಿನಲ್ಲೂ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಅದರ ಕೈಪಿಡಿಯಲ್ಲಿ ನೋಡಿಕೊಂಡರೆ ಸಾಕು, ಪ್ರಾಣಿಗೆ ಕೊರತೆಯಾಗುವುದಿಲ್ಲ, ಕೋಣೆಗೆ ಬೀಳುವುದು ಮೂರನೆಯ ಒಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ. ಎರಡನೆಯದು, ನೋಸ್ ಕೋನಿನ ಬಾಯಿಗೆ ಕೈಗವಸಿನ ರಬ್ಬರನ್ನು ಬಿಗಿಯಾಗಿ ಕಟ್ಟಿ, ಮೂತಿ ಒತ್ತಿ ಕೂರುವಷ್ಟು ಮಾತ್ರ ಚಿಕ್ಕ ತೂತು ಮಾಡಿ. ಹೆಚ್ಚಿನ ಕಡೆ ಕೋನಿನ ಅಗಲ ಇಲಿಗೆ ಹೊಂದುವಂತಿರುತ್ತದೆ, ಅದರೊಳಗೆ ಚಿಟ್ಟಿಲಿಯ ಮೂತಿ ಬಾವಿಯಲ್ಲಿ ಬಿಂದಿಗೆ ತೇಲಿದ ಹಾಗೆ ತೇಲುತ್ತಿರುತ್ತದೆ. ಒಳಕೊಳವೆಯಿಂದ ಅನಿಲ ಬಂದು, ಅದರ ಸುತ್ತಲಿನ ಹೊರಕೊಳವೆಯಿಂದ ಎಳೆದುಹೋಗುವ ಜೋಡಿ ನೋಸ್ ಕೋನ್‌ಗಳು ಸಿಗುತ್ತವೆ. ತಲೆಯನ್ನು ಅಲುಗದಂತೆ ಹಿಡಿಯುವ ಸ್ಟೀರಿಯೊಟ್ಯಾಕ್ಸಿಕ್ ಚೌಕಟ್ಟಿಗೆ ಹೊಂದುವಂಥವೂ ಇವೆ. ಮುಂದಿನ ಸಲ ಸಾಮಾನು ತರಿಸುವಾಗ ಅದನ್ನೇ ಕೇಳಿ.

ಪ್ರಶ್ನೆ: ನಮ್ಮಲ್ಲಿ ತ್ಯಾಜ್ಯ ಅನಿಲವನ್ನು ಹೀರುವ ಇದ್ದಿಲಿನ ಕ್ಯಾನಿಸ್ಟರ್ (ಡಬ್ಬಿ) ಇದೆ. ಒಂದನ್ನು ಎಷ್ಟು ದಿನ ಬಳಸಬಹುದು? ಬೆಲೆ ಹೆಚ್ಚಾದ್ದರಿಂದ ವಾಸನೆ ಬರುವವರೆಗೆ ಬಳಸುತ್ತಿದ್ದೇವೆ.
– ಪ್ರಯೋಗಾಲಯ ಸಹಾಯಕ, ಮಣಿಪಾಲ

ಉತ್ತರ: ಕ್ಯಾನಿಸ್ಟರಿನ ಆಯುಸ್ಸನ್ನು ದಿನದಲ್ಲಿ ಎಣಿಸಬಾರದು, ಗ್ರಾಂನಲ್ಲಿ ತೂಗಬೇಕು. ಸಕ್ರಿಯ ಇದ್ದಿಲು ಐಸೋಫ್ಲೂರೇನನ್ನು ತನ್ನ ರಂಧ್ರಗಳಲ್ಲಿ ಹಿಡಿದಿಟ್ಟುಕೊಂಡಷ್ಟೂ ತೂಕ ಏರುತ್ತದೆ. ಸಾಮಾನ್ಯ ಬಳಕೆಯಲ್ಲಿರುವ ಚಿಕ್ಕ ಕ್ಯಾನಿಸ್ಟರ್ 50 ಗ್ರಾಂ ಏರಿದ ಕೂಡಲೇ ಅದನ್ನು ತೆಗೆಯಬೇಕು ಎಂಬುದು ರೂಢಿಯ ನಿಯಮ. ನಿಮ್ಮದರ ಮೇಲೆ ತಯಾರಕರು ಬೇರೆ ಅಂಕಿ ಮುದ್ರಿಸಿದ್ದರೆ ಅದನ್ನೇ ಪಾಲಿಸಿ. ಪೊಟ್ಟಣ ಒಡೆದ ದಿನವೇ ತೂಗಿ, ಆ ಅಂಕಿಯನ್ನು ಮಾರ್ಕರ್ ಪೆನ್ನಿನಿಂದ ಡಬ್ಬಿಯ ಮೇಲೆಯೇ ಬರೆಯಿರಿ, ಪ್ರತಿ ಸಲ ಬಳಸುವ ಮೊದಲು ಮತ್ತು ನಂತರ ತೂಗಿ ಅದರ ಕೆಳಗೆ ಬರೆಯುತ್ತ ಹೋಗಿ. ಬೇರೆ ಪುಸ್ತಕದಲ್ಲಿ ಬರೆದಿಟ್ಟರೆ ಡಬ್ಬಿ ಒಂದು ಕಡೆ, ಪುಸ್ತಕ ಒಂದು ಕಡೆ ಆಗುತ್ತದೆ.

50 ಗ್ರಾಂ ಎಷ್ಟು ಹೊತ್ತಿಗೆ ತುಂಬುತ್ತದೆ ಎಂಬುದನ್ನೂ ಲೆಕ್ಕ ಹಾಕಬಹುದು. ಹರಿವನ್ನು ಲೀಟರಿನಲ್ಲಿ, ವೇಪರೈಸರಿನ ಅಂಕಿಯನ್ನು ಶೇಕಡದಲ್ಲಿ ತೆಗೆದುಕೊಂಡು ಎರಡನ್ನೂ ಗುಣಿಸಿ, ಮತ್ತೆ 3ರಿಂದ ಗುಣಿಸಿದರೆ ಗಂಟೆಗೆ ಖರ್ಚಾಗುವ ದ್ರವ ಎಷ್ಟು ಮಿಲಿಲೀಟರ್ ಎಂದು ಸಿಗುತ್ತದೆ. 1 ಲೀಟರ್ ಹರಿವು, ಶೇಕಡ 2 ಎಂದರೆ ಗಂಟೆಗೆ 6 ಮಿಲಿಲೀಟರ್, ಮಿಲಿಲೀಟರಿಗೆ 1.5 ಗ್ರಾಂನಂತೆ 9 ಗ್ರಾಂ. ಅಂದರೆ ಐದೂವರೆ ಗಂಟೆಗೆ ಡಬ್ಬಿ ತುಂಬಿತು. ನಿಮ್ಮಲ್ಲಿ ಅದು ತಿಂಗಳುಗಟ್ಟಲೆ ಬಾಳುತ್ತಿದೆ ಎಂದರೆ ಅದು ಉಳಿತಾಯವಲ್ಲ, ಅನಿಲ ಅದರ ಮೂಲಕ ಹಾದು ಕೋಣೆಗೆ ಬರುತ್ತಿದೆ. ಮೇಲಿನ ಉತ್ತರದಲ್ಲಿ ಹೇಳಿದಂತೆ ಹರಿವನ್ನು 0.3 ಲೀಟರಿಗೆ ಇಳಿಸಿದರೆ ಅದೇ ಡಬ್ಬಿ 18 ಗಂಟೆ ಬರುತ್ತದೆ. ಬೆಲೆಯ ಚಿಂತೆಗೆ ಸರಿಯಾದ ಪರಿಹಾರ ಅದು. ಬೇರೆ ಬೇರೆ ತಯಾರಿಕೆಯ ಕ್ಯಾನಿಸ್ಟರ್‌ಗಳನ್ನು ಹೋಲಿಸಿ ನೋಡಿದ ಪರೀಕ್ಷೆಗಳಲ್ಲಿ ಕೆಲವು 50 ಗ್ರಾಂ ಮುಟ್ಟುವ ಮೊದಲೇ ಅನಿಲವನ್ನು ಬಿಡಲಾರಂಭಿಸಿದ್ದು ಕಂಡಿರುವುದರಿಂದ, 50 ಎಂಬುದನ್ನು ಗುರಿ ಎಂದುಕೊಳ್ಳದೆ ದಾಟಬಾರದ ಗೆರೆ ಎಂದುಕೊಳ್ಳುವುದು ಒಳ್ಳೆಯದು.

ಇದರ ಜೊತೆಗೆ ಒಂದು ಸಣ್ಣ ವಿಷಯ. ಒಂದು ಪ್ರಯೋಗಾಲಯಕ್ಕೆ ನಾನು ಸಲಹೆಗೆಂದು ಹೋದಾಗ ಹೊಚ್ಚಹೊಸ ಕ್ಯಾನಿಸ್ಟರನ್ನು ಮೇಜಿನ ಮೇಲೆ ಅಂದವಾಗಿ ನಿಲ್ಲಿಸಿದ್ದರು. ಅದರ ಗಾಳಿ ಹೊರಹೋಗುವ ತೂತುಗಳಿದ್ದದ್ದು ತಳದಲ್ಲಿ. ಡಬ್ಬಿಯ ಭಾರಕ್ಕೆ ತಳ ಮೇಜಿಗೆ ಅಂಟಿ, ದಾರಿ ಕಟ್ಟಿಹೋಗಿ, ಅನಿಲವೆಲ್ಲ ನೋಸ್ ಕೋನಿನ ಸಂದಿಯಿಂದ ಹಿಂದಕ್ಕೆ ಬರುತ್ತಿತ್ತು. ವಾರಗಟ್ಟಲೆ ಬಳಸಿದರೂ ತೂಕ 2 ಗ್ರಾಂ ಕೂಡ ಏರಿರಲಿಲ್ಲ, ‘ನೋಡಿ ಎಷ್ಟು ಚೆನ್ನಾಗಿ ಬಾಳಿಕೆ ಬರುತ್ತಿದೆ’ ಎಂದು ಅಲ್ಲಿಯವರು ನನಗೆ ತೋರಿಸಿದರು. ಡಬ್ಬಿಯ ಜೊತೆ ಬರುವ ತಂತಿಯ ಹಿಡಿಕೆಯಲ್ಲಿ ಅದನ್ನು ತೂಗುಹಾಕಬೇಕು. ಕೊಳವೆ ಉದ್ದವಾಗದಂತೆ, ಮಡಚಿಕೊಳ್ಳದಂತೆ ನೋಡಿಕೊಳ್ಳಬೇಕು. ಆಮ್ಲಜನಕದ ಫ್ಲಶ್ ಗುಂಡಿಯನ್ನು ಒತ್ತಿ ರಭಸದ ಹರಿವನ್ನು ಇದ್ದಿಲಿಗೆ ನುಗ್ಗಿಸಬಾರದು, ಹಿಡಿದಿಟ್ಟುಕೊಳ್ಳಲು ಅದಕ್ಕೆ ಸಮಯ ಬೇಕು. ತುಂಬಿದ ಡಬ್ಬಿಯನ್ನು ಬಿಸಿಲಲ್ಲಿ ಇಟ್ಟರೆ ಹಿಡಿದದ್ದನ್ನು ಮತ್ತೆ ಬಿಟ್ಟುಕೊಡುತ್ತದೆ. ನೈಟ್ರಸ್ ಆಕ್ಸೈಡನ್ನಂತೂ ಇದ್ದಿಲು ಹಿಡಿಯುವುದೇ ಇಲ್ಲ, ಆ ಅನಿಲವನ್ನು ಬಳಸುವವರಿಗೆ ಹೊರಗೆ ಸಾಗಿಸುವ ಕೊಳವೆಯೊಂದೇ ಗತಿ.

ಪ್ರಶ್ನೆ: ಶುಚಿತ್ವ ಬೇಕೆಂದು ನಾವು ಶಸ್ತ್ರಚಿಕಿತ್ಸೆಯನ್ನು ಬಯೋಸೇಫ್ಟಿ ಕ್ಯಾಬಿನೆಟ್ಟಿನ ಒಳಗೇ ಮಾಡುತ್ತೇವೆ, ಎನ್-95 ಮಾಸ್ಕನ್ನೂ ಹಾಕಿಕೊಳ್ಳುತ್ತೇವೆ. ಅಷ್ಟು ಸಾಲದೇ?
– ಸಂಶೋಧಕ, ಹೈದರಾಬಾದ್

ಉತ್ತರ: ಸಾಲದು. ಕ್ಯಾಬಿನೆಟ್ಟಿನ ಗಾಳಿಯನ್ನು ಸೋಸುವ ಹೆಪಾ ಫಿಲ್ಟರ್ ಆಗಲಿ ಎನ್-95 ಆಗಲಿ ತಡೆಯುವುದು ಕಣಗಳನ್ನು. ಐಸೋಫ್ಲೂರೇನ್ ಆವಿ, ಅದರ ಅಣುಗಳಿಗೆ ಆ ಜಾಲರಿ ಅಡ್ಡಿಯೇ ಅಲ್ಲ. ಪ್ರಯೋಗಾಲಯಗಳಲ್ಲಿ ಹೆಚ್ಚಾಗಿ ಕಾಣುವ ಎರಡನೆಯ ವರ್ಗದ ಎ2 ಮಾದರಿಯ ಕ್ಯಾಬಿನೆಟ್ ಗಾಳಿಯ ಸುಮಾರು ಶೇಕಡ 70 ಪಾಲನ್ನು ತನ್ನೊಳಗೇ ಸುತ್ತಿಸಿ, ಉಳಿದದ್ದನ್ನು ಫಿಲ್ಟರಿನ ಮೂಲಕ ಕೋಣೆಗೇ ಬಿಡುತ್ತದೆ. ಅದನ್ನು ಹೊರಗಿನ ಡಕ್ಟಿಗೆ ಜೋಡಿಸಿದ್ದರೆ ಮಾತ್ರ ಉಪಯೋಗ. ಗಾಳಿಯನ್ನು ಪೂರ್ತಿ ಹೊರಗೆ ಎಸೆಯುವ ಬಿ2 ಮಾದರಿ ಅಥವಾ ಆವಿಯನ್ನು ಹೊರಗೆಳೆಯುವ ರಸಾಯನಶಾಸ್ತ್ರದವರ ಫ್ಯೂಮ್ ಹುಡ್ ಅನಿಲದ ಮಟ್ಟಿಗೆ ಸರಿ, ಆದರೆ ಫ್ಯೂಮ್ ಹುಡ್ ಒಳಗೆಳೆಯುವ ಗಾಳಿ ಕ್ರಿಮಿರಹಿತವಲ್ಲ. ಎ2 ಬಿಟ್ಟು ಬೇರೆ ದಾರಿ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಒಳಗೂ ನೋಸ್ ಕೋನಿಗೆ ಪ್ರತ್ಯೇಕ ಎಳೆಕೊಳವೆ ಇರಬೇಕು. ಮಾಸ್ಕ್ ಹಾಕಿಕೊಳ್ಳಿ, ಅದು ಇಲಿಯ ಕೂದಲು, ಮೂತ್ರಗಳ ಅಲರ್ಜಿಯಿಂದ ಕಾಯುತ್ತದೆ.

ಪ್ರಶ್ನೆ: ಇಲಿಯನ್ನು ಮೊದಲು ಮಲಗಿಸುವ ಇಂಡಕ್ಷನ್ ಪೆಟ್ಟಿಗೆಯ ಮುಚ್ಚಳ ತೆರೆದಾಗಲೆಲ್ಲ ಮುಖಕ್ಕೆ ಅನಿಲ ರಾಚುತ್ತದೆ. ಬೇಗ ಇಲಿಯನ್ನು ತೆಗೆಯದಿದ್ದರೆ ಅದು ಎಚ್ಚರವಾಗುತ್ತದೆ. ಏನು ಮಾಡಬೇಕು? ಅಲ್ಲದೆ ಬಾಟಲಿ ಬಿದ್ದು ಒಡೆದರೆ ಏನು ಕ್ರಮ?
– ಅನಿಮಲ್ ಹೌಸ್ ಸಿಬ್ಬಂದಿ, ಮೈಸೂರು

ಉತ್ತರ: ಕೆಲಸ ಮಾಡುವವರ ಕಣ್ಣಿಗೆ ಮಾತ್ರ ಬೀಳುವ ತೊಂದರೆ ಇದು. ಆಡಳಿತದ ಕಡತಗಳಲ್ಲಿ ಇಂಡಕ್ಷನ್ ಪೆಟ್ಟಿಗೆಯ ಉಲ್ಲೇಖವೇ ಇರುವುದಿಲ್ಲ, ಆದರೆ ದಿನದ ಅನಿಲದಲ್ಲಿ ದೊಡ್ಡ ಪಾಲು ಅದರಿಂದಲೇ ಬರುತ್ತದೆ. 2 ಲೀಟರಿನ ಪೆಟ್ಟಿಗೆಯಲ್ಲಿ ಶೇಕಡ 4ರಷ್ಟು ಐಸೋಫ್ಲೂರೇನ್ ಇದ್ದರೆ ಒಳಗಿರುವ ಆವಿ 80 ಮಿಲಿಲೀಟರ್. ಮೇಲೆ ಹೇಳಿದ 60,000 ಲೀಟರ್ ಕೋಣೆಯಲ್ಲಿ ಅದು ಸಮವಾಗಿ ಹರಡಿದರೂ 1.3 ಪಿಪಿಎಂ ಆಗುತ್ತದೆ, ಹಾಗಿದ್ದರೆ ಹತ್ತು ಇಲಿಗಳಿಗೆ ಹತ್ತು ಸಲ ಮುಚ್ಚಳ ತೆರೆದಾಗ ಏನಾಗುತ್ತದೆ ಎಂದು ಯೋಚಿಸಿ. ಹರಡುವ ಮೊದಲು ಅದು ನಿಮ್ಮ ಮುಖದ ಮುಂದೆ ಇರುತ್ತದೆ ಎಂಬುದು ಬೇರೆ ಮಾತು.

ಅನೇಕ ಕೈಪಿಡಿಗಳು ಮುಚ್ಚಳ ತೆರೆಯುವ ಮೊದಲು ಆಮ್ಲಜನಕ ಹಾಯಿಸಿ ಪೆಟ್ಟಿಗೆಯನ್ನು ತೊಳೆಯಿರಿ ಎನ್ನುತ್ತವೆ. ಸಲಹೆ ಸರಿ, ಆದರೆ ಇದಕ್ಕೆ ಬೇಕಾದ ಸಮಯವನ್ನು ಯಾರೂ ಬರೆಯುವುದಿಲ್ಲ. 2 ಲೀಟರ್ ಪೆಟ್ಟಿಗೆಗೆ ನಿಮಿಷಕ್ಕೆ 2 ಲೀಟರ್ ಹಾಯಿಸಿದರೆ ಒಂದು ನಿಮಿಷದ ನಂತರವೂ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಅನಿಲ ಉಳಿದಿರುತ್ತದೆ, ಶೇಕಡ 5ಕ್ಕೆ ಇಳಿಯಲು ಮೂರು ನಿಮಿಷ ಬೇಕು. ಅಷ್ಟರಲ್ಲಿ ಇಲಿ ಎದ್ದು ಕೂತಿರುತ್ತದೆ. ಆದ್ದರಿಂದ ಪೆಟ್ಟಿಗೆಯನ್ನು ಫ್ಯೂಮ್ ಹುಡ್ಡಿನಲ್ಲೋ ಗಾಳಿಯನ್ನು ಕೆಳಕ್ಕೆಳೆಯುವ ಮೇಜಿನ ಮೇಲೋ ಇಡುವುದೇ ಉತ್ತಮ. ಅದು ಇಲ್ಲವಾದರೆ, ಆವಿ ಗಾಳಿಗಿಂತ ಆರು ಪಟ್ಟಿಗೂ ಹೆಚ್ಚು ಭಾರವಾದ್ದರಿಂದ ಪೆಟ್ಟಿಗೆಯ ತಳದ ಹತ್ತಿರವೇ ಎಳೆಕೊಳವೆ ಇರಲಿ, ಪೆಟ್ಟಿಗೆಗೆ ಹೋಗುವ ಅನಿಲವನ್ನು ಮೊದಲು ನಿಲ್ಲಿಸಿ, ಮುಚ್ಚಳವನ್ನು ಕೈ ಹೋಗುವಷ್ಟೇ ಸರಿಸಿ, ಇಲಿಯನ್ನು ತೆಗೆದ ಕೂಡಲೇ ಮುಚ್ಚಿ, ಆಮೇಲೆ ಖಾಲಿ ಪೆಟ್ಟಿಗೆಗೆ ಆಮ್ಲಜನಕ ಹಾಯಿಸಿ ತೊಳೆಯಿರಿ. ಇಲಿ ಹೊರಗೆ, ಮುಚ್ಚಳ ಮುಚ್ಚಿದೆ, ಅವಸರವಿಲ್ಲ. ಪ್ರಾಣಿಯ ಗಾತ್ರಕ್ಕೆ ತಕ್ಕ ಚಿಕ್ಕ ಪೆಟ್ಟಿಗೆಯನ್ನು ಬಳಸಿದರೆ ಅರ್ಧ ತೊಂದರೆ ತಾನಾಗಿಯೇ ಕಡಿಮೆಯಾಗುತ್ತದೆ. ಶಸ್ತ್ರಚಿಕಿತ್ಸೆ ಮುಗಿದು ಚೇತರಿಸಿಕೊಳ್ಳುವ ಇಲಿಯೂ ಅನಿಲವನ್ನೇ ಹೊರಬಿಡುತ್ತಿರುತ್ತದೆ, ಆ ಪಂಜರವನ್ನು ಮಡಿಲಲ್ಲಿಟ್ಟುಕೊಂಡು ಕೂರಬೇಡಿ.

ಬಾಟಲಿಯ ವಿಷಯ: 100 ಮಿಲಿಲೀಟರ್ ಬಾಟಲಿ ಒಡೆದರೆ ಆಗುವ ಆವಿ 19 ಲೀಟರಿಗೂ ಹೆಚ್ಚು, ಅದೇ ಕೋಣೆಯಲ್ಲಿ 300 ಪಿಪಿಎಂ ದಾಟುತ್ತದೆ. ಆಗ ಒರೆಸಲು ಬಗ್ಗಬೇಡಿ, ಭಾರವಾದ ಆವಿ ನೆಲದ ಮೇಲೆಯೇ ಇರುತ್ತದೆ. ಎಲ್ಲರನ್ನೂ ಹೊರಗೆ ಕಳಿಸಿ, ಕೋಣೆಯ ಗಾಳಿ ನೇರ ಹೊರಕ್ಕೆ ಹೋಗುವಂತೆ ಮಾಡಿ, ಒಳಗಾಳಿಯನ್ನೇ ಸುತ್ತಿಸುವ ಎಸಿಯನ್ನು ನಿಲ್ಲಿಸಿ, ಕಾರಿಡಾರಿನ ಕಡೆಯ ಬಾಗಿಲನ್ನು ಮುಚ್ಚಿ, ಸುರಕ್ಷತಾ ಅಧಿಕಾರಿಗೆ ತಿಳಿಸಿ. ಎರಡು ಮೂರು ಹನಿ ಚೆಲ್ಲಿದರೆ ಇಷ್ಟೆಲ್ಲ ಬೇಕಿಲ್ಲ. ಆದರೂ ವೇಪರೈಸರಿಗೆ ಔಷಧಿ ತುಂಬುವ ಕೆಲಸವನ್ನು ಬಾಟಲಿಗೆ ಹೊಂದುವ ಅಡಾಪ್ಟರ್ ಹಾಕಿ, ದಿನದ ಕೊನೆಯಲ್ಲಿ, ಕೋಣೆಯಲ್ಲಿ ಜನ ಕಡಿಮೆ ಇರುವಾಗ ಮಾಡಿ.

ಪ್ರಶ್ನೆ: ಮಗುವಿಗಾಗಿ ಯೋಚಿಸುತ್ತಿದ್ದೇನೆ. ಈ ಕೆಲಸವನ್ನು ಬಿಡಬೇಕೇ? ಯಾರನ್ನು ಕೇಳಿದರೂ ಒಬ್ಬರು ಹೆದರಿಸುತ್ತಾರೆ, ಒಬ್ಬರು ನಗುತ್ತಾರೆ.
– ಓದುಗರೊಬ್ಬರು, ಮಂಗಳೂರು

ಉತ್ತರ: ಹೆದರಿಸುವವರ ಮಾತಿಗೂ ಒಂದು ಮೂಲವಿದೆ. 1967ರಲ್ಲಿ ಸೋವಿಯತ್ ವೈದ್ಯ ವೈಸ್‌ಮನ್ ಅಲ್ಲಿನ ಅರಿವಳಿಕೆ ತಜ್ಞರನ್ನು ಕುರಿತು ಪ್ರಕಟಿಸಿದ ವರದಿಯಲ್ಲಿ 31 ಗರ್ಭಧಾರಣೆಗಳ ಪೈಕಿ 18 ಗರ್ಭಪಾತದಲ್ಲಿ ಕೊನೆಯಾದದ್ದು ದಾಖಲಾಗಿತ್ತು. ಜಗತ್ತಿನ ಕಣ್ಣು ಈ ಕಡೆ ತಿರುಗಿದ್ದೇ ಅದರಿಂದ. ಆದರೆ ಅವರು ಕೆಲಸ ಮಾಡುತ್ತಿದ್ದದ್ದು ಈಥರ್, ನೈಟ್ರಸ್ ಆಕ್ಸೈಡ್, ಹ್ಯಾಲೋಥೇನ್‌ಗಳ ನಡುವೆ, ಅನಿಲವನ್ನು ಹೊರಗೆಳೆಯುವ ವ್ಯವಸ್ಥೆಯಿಲ್ಲದ ಕೋಣೆಗಳಲ್ಲಿ. ಹೋಲಿಸಿ ನೋಡಲು ಬೇರೆ ಗುಂಪೂ ಇರಲಿಲ್ಲ. ನನಗೆ ಇದಕ್ಕಿಂತ ಉಪಯುಕ್ತವೆನಿಸುವುದು 1992ರಲ್ಲಿ ಪ್ರಕಟವಾದ, ಅಮೆರಿಕದ ದಂತ ಸಹಾಯಕಿಯರ ಅಧ್ಯಯನ. ಹೊರಗೆಳೆಯುವ ವ್ಯವಸ್ಥೆಯಿಲ್ಲದ ಕಡೆ ವಾರಕ್ಕೆ 5 ಗಂಟೆ ಅಥವಾ ಹೆಚ್ಚು ಹೊತ್ತು ನೈಟ್ರಸ್ ಆಕ್ಸೈಡಿನ ನಡುವೆ ಇದ್ದವರಲ್ಲಿ ಗರ್ಭ ಧರಿಸುವ ಸಾಧ್ಯತೆ ಕಡಿಮೆಯಾಗಿತ್ತು, ವ್ಯವಸ್ಥೆ ಇದ್ದ ಕಡೆ ಹಾಗೆ ಆಗಿರಲಿಲ್ಲ. ನೈಟ್ರಸ್ ಆಕ್ಸೈಡ್ ದೇಹದ ಬಿ12 ಜೀವಸತ್ವವನ್ನು ನಿಷ್ಕ್ರಿಯಗೊಳಿಸುತ್ತದೆ. ಐಸೋಫ್ಲೂರೇನಿಗೆ ಆ ಗುಣವಿಲ್ಲ, ಆದ್ದರಿಂದ ಒಂದರ ಫಲವನ್ನು ಇನ್ನೊಂದಕ್ಕೆ ನೇರವಾಗಿ ಹೊರಿಸಲಾಗದು.

ಹಾಗಾಗಿ ಕೆಲಸ ಬಿಡಿ ಎಂದು ನಾನು ಹೇಳುವುದಿಲ್ಲ. ನಿಮ್ಮ ಕೋಣೆಯಲ್ಲಿ ಎಳೆಕೊಳವೆ ಇದೆಯೇ, ಅಳತೆ ಮಾಡಿಸಿದ್ದಾರೆಯೇ ಎಂದು ಮೊದಲು ಕೇಳಿ. ಇಲ್ಲ ಎಂಬ ಉತ್ತರ ಬಂದರೆ, ಆಗುವವರೆಗೆ ಪೆಟ್ಟಿಗೆಯ ಕೆಲಸ, ವೇಪರೈಸರ್ ತುಂಬುವ ಕೆಲಸಗಳನ್ನು ಬೇರೆಯವರಿಗೆ ವಹಿಸುವಂತೆ ಕೇಳುವುದು ನಿಮ್ಮ ಹಕ್ಕು. ಗರ್ಭಿಣಿ ಎಂದು ತಿಳಿದ ಮೇಲೆ ಕೇಳೋಣ ಎಂದು ಕಾಯಬೇಡಿ, ಮೊದಲ ವಾರಗಳೇ ಮುಖ್ಯ. ನಿಮ್ಮ ಸ್ತ್ರೀರೋಗ ತಜ್ಞರಿಗೆ ಬಳಸುವ ಅನಿಲದ ಹೆಸರನ್ನು ಬರೆದುಕೊಂಡು ಹೋಗಿ ತೋರಿಸಿ. ಇನ್ನೊಂದು ಮಾತು, ಮನೆತನದಲ್ಲಿ ಯಾರಿಗಾದರೂ ಅರಿವಳಿಕೆ ಕೊಟ್ಟಾಗ ಮೈ ವಿಪರೀತ ಬಿಸಿಯೇರಿ ಅಪಾಯವಾದ ಇತಿಹಾಸವಿದ್ದರೆ, ಗಂಡಸರಾಗಲಿ ಹೆಂಗಸರಾಗಲಿ, ಈ ಅನಿಲಗಳ ಕೆಲಸಕ್ಕೆ ಸೇರುವ ಮೊದಲೇ ವೈದ್ಯರಿಗೆ ಹೇಳಬೇಕು.

ಪ್ರಶ್ನೆ: ನಮ್ಮದು ಸಣ್ಣ ಊರಿನ ಫಾರ್ಮಸಿ ಕಾಲೇಜು. ಅರಿವಳಿಕೆ ಯಂತ್ರ ಕೊಳ್ಳುವ ಶಕ್ತಿ ಇಲ್ಲ. ಡೆಸಿಕೇಟರಿನಲ್ಲಿ (ಬಿಗಿ ಮುಚ್ಚಳದ ಗಾಜಿನ ಜಾಡಿ) ಹತ್ತಿಗೆ ಔಷಧಿ ಸುರಿದು ಇಲಿಯನ್ನು ಮಲಗಿಸುತ್ತೇವೆ. ಮೊದಲು ಈಥರ್ ಬಳಸುತ್ತಿದ್ದೆವು, ಈಗ ಐಸೋಫ್ಲೂರೇನ್. ಸುಧಾರಣೆ ಹೇಗೆ?
– ಉಪನ್ಯಾಸಕರು, ಕಲಬುರಗಿ ಜಿಲ್ಲೆ

ಉತ್ತರ: ಈಥರ್ ಬಿಟ್ಟದ್ದು ಒಳ್ಳೆಯದಾಯಿತು. ಅದು 34.6 ಡಿಗ್ರಿಗೆ ಕುದಿಯುವ ದ್ರವ, ನಿಮ್ಮ ಊರಿನ ಬೇಸಿಗೆಯಲ್ಲಿ ಮುಚ್ಚಳ ತೆಗೆದರೆ ಒಲೆಯೇ ಬೇಕಿಲ್ಲ. ಗಾಳಿಯಲ್ಲಿ ಶೇಕಡ 1.9ರಿಂದ 36ರವರೆಗೆ ಇದ್ದರೂ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ, ಹಳೆಯ ಬಾಟಲಿಯಲ್ಲಿ ಸ್ಫೋಟಿಸುವ ಪೆರಾಕ್ಸೈಡ್ ಕಟ್ಟುತ್ತದೆ, ಈಥರ್ ಕೊಟ್ಟ ಪ್ರಾಣಿಯ ಕಳೇಬರವನ್ನು ಸಾಧಾರಣ ಫ್ರಿಜ್ಜಿನಲ್ಲಿಟ್ಟರೆ ಅದರ ಸ್ವಿಚ್ಚಿನ ಕಿಡಿಯೇ ಸಾಕು. ಕಪಾಟಿನ ಮೂಲೆಯಲ್ಲಿ ಉಳಿದಿರುವ ಹಳೆಯ ಬಾಟಲಿಯಿದ್ದರೆ ಅದರ ಮುಚ್ಚಳ ತಿರುಗಿಸುವ ಸಾಹಸ ಮಾಡದೆ, ರಾಸಾಯನಿಕ ತ್ಯಾಜ್ಯ ಒಯ್ಯುವವರಿಗೆ ಹಾಗೆಯೇ ಒಪ್ಪಿಸಿ.

ಐಸೋಫ್ಲೂರೇನ್ ಹೊತ್ತಿಕೊಳ್ಳುವುದಿಲ್ಲ, ಆದರೆ ಮುಚ್ಚಿದ ಜಾಡಿಯಲ್ಲಿ ಅದಕ್ಕೆ ಅಂಕೆಯೇ ಇರುವುದಿಲ್ಲ. ಸಮುದ್ರಮಟ್ಟದಲ್ಲಿ, 20 ಡಿಗ್ರಿಯಲ್ಲಿ ಅದರ ಆವಿ ಗಾಳಿಯ ಶೇಕಡ 31ರವರೆಗೆ ತುಂಬುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾಯುಭಾರ ಕಡಿಮೆಯಾದ್ದರಿಂದ ಅದೇ 35ರ ಹತ್ತಿರ ಹೋಗುತ್ತದೆ, ಬಿಸಿ ಹೆಚ್ಚಿದಂತೆ ಇನ್ನೂ ಏರುತ್ತದೆ. ಇಲಿಯನ್ನು ಮಲಗಿಸಲು ಬೇಕಾದದ್ದು ನಾಲ್ಕೈದು ಮಾತ್ರ, ಇದಕ್ಕಿಂತ ಹಲವು ಪಟ್ಟು ಹೆಚ್ಚಾದರೆ ಅದು ಸಾಯುತ್ತದೆ. ಹೀಗಾಗಿ ಹತ್ತಿಗೆ ಸುರಿಯುವ ಪದ್ಧತಿಯನ್ನು ನಿಲ್ಲಿಸಿ, ಸಿರಿಂಜಿನಿಂದ ಅಳೆಯಿರಿ: ಜಾಡಿಯ ಪ್ರತಿ ಲೀಟರ್ ಅಳತೆಗೆ 0.2 ಮಿಲಿಲೀಟರ್ ದ್ರವ ಪೂರ್ತಿ ಆವಿಯಾದರೆ ಸರಿಸುಮಾರು ಶೇಕಡ 4 ಆಗುತ್ತದೆ. ಹತ್ತಿ ಇಲಿಗೆ ತಾಗಬಾರದು, ದ್ರವ ಅದರ ಚರ್ಮಕ್ಕೂ ಕಣ್ಣಿಗೂ ಉರಿ ತರುತ್ತದೆ. ಡೆಸಿಕೇಟರಿನ ತೂತಿನ ತಟ್ಟೆಯ ಕೆಳಗಿಡಿ, ಇಲ್ಲವೇ ಟೀ ಸೋಸುವ ಸ್ಟೀಲಿನ ಜಾಲರಿಯಲ್ಲಿ ಹಾಕಿ. ಎಲ್ಲಕ್ಕಿಂತ ಮೊದಲು, ಈ ಕೆಲಸ ಫ್ಯೂಮ್ ಹುಡ್ಡಿನೊಳಗೆ ಮಾತ್ರ ನಡೆಯಬೇಕು. ರಸಾಯನಶಾಸ್ತ್ರ ವಿಭಾಗದಲ್ಲಿ ಒಂದಾದರೂ ಇದ್ದೇ ಇರುತ್ತದೆ. ಒಂದೆರಡು ನಿಮಿಷದಲ್ಲಿ ಮುಗಿಯುವ ರಕ್ತ ತೆಗೆಯುವಂಥ ಕೆಲಸಕ್ಕೆ ಮಾತ್ರ ಈ ವಿಧಾನ ಸರಿ, ಅದಕ್ಕೂ ನಿಮ್ಮ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಉದ್ದದ ಶಸ್ತ್ರಚಿಕಿತ್ಸೆಗೆ ಕೆಟಮಿನ್-ಕ್ಸೈಲಜಿನ್ ಚುಚ್ಚುಮದ್ದು ಕೊಡಬಹುದೇ ಎಂದು ಪಶುವೈದ್ಯರೊಡನೆ ಮಾತಾಡಿ. ಅನಿಲವೇ ಇಲ್ಲದ ಕಡೆ ಅನಿಲದ ತ್ಯಾಜ್ಯವೂ ಇಲ್ಲ.

ಪ್ರಶ್ನೆ: ನಮ್ಮ ಕೋಣೆಯ ಅನಿಲ ಮಿತಿಯೊಳಗಿದೆಯೇ ಎಂದು ತಿಳಿಯುವುದು ಹೇಗೆ? ಮಿತಿ ಎಂದರೆ ನಿಜವಾಗಿ ಎಷ್ಟು? ಕೊಳವೆಯನ್ನು ಕಿಟಕಿಯಿಂದ ಹೊರಗೆ ಬಿಟ್ಟರೆ ಆಗುವುದಿಲ್ಲವೇ?
– ಸುರಕ್ಷತಾ ಸಮಿತಿಯ ಸದಸ್ಯರು, ಬೆಂಗಳೂರು

ಉತ್ತರ: ಮಿತಿಯ ಅಂಕಿ ದೇಶಕ್ಕೊಂದು. ನಿಯೋಶ್‌ನ 2 ಪಿಪಿಎಂ ಒಂದು ಗಂಟೆಯ ಅಳತೆಗೆ ಹಾಕಿದ ಮೇಲ್ಮಿತಿ. ಅದು ಅಂದಿನ ಉಪಕರಣಗಳು ಅಳೆಯಬಲ್ಲ ಕನಿಷ್ಠ ಪ್ರಮಾಣವನ್ನು ಆಧರಿಸಿತ್ತು, ಐಸೋಫ್ಲೂರೇನ್ ಆಗಿನ್ನೂ ವ್ಯಾಪಕ ಬಳಕೆಗೆ ಬಂದಿರಲಿಲ್ಲ. ಬ್ರಿಟನ್ ಐಸೋಫ್ಲೂರೇನಿಗೆ 8 ಗಂಟೆಯ ಸರಾಸರಿಯಾಗಿ 50 ಪಿಪಿಎಂ ಇಟ್ಟುಕೊಂಡಿದೆ. ಇಪ್ಪತ್ತೈದು ಪಟ್ಟಿನ ಈ ಅಂತರವನ್ನು ನೋಡಿ ‘ಹಾಗಾದರೆ ಎಲ್ಲ ಸುಳ್ಳು’ ಎನ್ನಬೇಕಿಲ್ಲ. ನೇರವಾಗಿ ಎಳೆಯುವ ಕೊಳವೆಯಿದ್ದರೆ 2 ಪಿಪಿಎಂ ಸಾಧಿಸುವುದು ಕಷ್ಟವಲ್ಲ, ಸಾಧ್ಯವಿರುವುದನ್ನು ಮಾಡದಿರಲು ಕಾರಣವೂ ಇಲ್ಲ ಎಂಬುದು ನನ್ನ ನಿಲುವು.

ಅಳೆಯಲು ಅವಕೆಂಪು ಕಿರಣದ ವಿಶ್ಲೇಷಕಗಳಿವೆ, ಇಲ್ಲವೇ ಕಾಲರಿಗೆ ಸಿಕ್ಕಿಸಿಕೊಂಡು ದಿನವಿಡೀ ಕೆಲಸ ಮಾಡಿ ನಂತರ ಪರೀಕ್ಷೆಗೆ ಕಳಿಸುವ ಬ್ಯಾಡ್ಜ್‌ಗಳಿವೆ. ಬ್ಯಾಡ್ಜನ್ನು ಗೋಡೆಗೆ ತೂಗುಹಾಕಿ ತೃಪ್ತಿಪಡಬೇಡಿ, ಶಸ್ತ್ರಚಿಕಿತ್ಸೆ ಮಾಡುವವರ ಮೂಗಿನ ಹತ್ತಿರ ಇರಲಿ. ಇವೆರಡೂ ಸಿಗದವರು ಎಲ್ಲಿಂದ ಸೋರುತ್ತಿದೆ ಎಂಬುದನ್ನಾದರೂ ಪತ್ತೆ ಮಾಡಬಹುದು. ಜೋಡಣೆಗಳಿಗೆ ಸಾಬೂನಿನ ನೀರು ಸವರಿದರೆ ಗುಳ್ಳೆ ಏಳುತ್ತದೆ. ಎಸಿ ರಿಪೇರಿಯವರು ಗ್ಯಾಸ್ ಸೋರಿಕೆ ಹುಡುಕುವ ಹ್ಯಾಲೋಜನ್ ಡಿಟೆಕ್ಟರ್ ಐಸೋಫ್ಲೂರೇನಿಗೂ ಕಿರುಚುತ್ತದೆ. ಎಷ್ಟು ಪಿಪಿಎಂ ಎಂದು ಅದು ಹೇಳದು, ಎಲ್ಲಿ ಎಂದು ಹೇಳುತ್ತದೆ. ಗಾಳಿ ಯಾವ ಕಡೆ ಚಲಿಸುತ್ತಿದೆ ಎಂದು ನೋಡಲು, ಆಮ್ಲಜನಕದ ಸಿಲಿಂಡರನ್ನು ಪೂರ್ತಿ ಮುಚ್ಚಿ, ಕೋಣೆಯಲ್ಲಿ ಈಥರ್, ಸ್ಪಿರಿಟ್ ಯಾವುದೂ ತೆರೆದಿಲ್ಲವೆಂದು ಖಚಿತಪಡಿಸಿಕೊಂಡು, ಒಂದು ಊದುಬತ್ತಿ ಹಚ್ಚಿ ಎಳೆಕೊಳವೆಯ ಬಾಯಿಯ ಮುಂದೆ ಹಿಡಿಯಿರಿ. ಹೊಗೆ ಬಾಗಿ ಒಳಹೋದರೆ ಸರಿ. ನೇರ ಮೇಲೇರಿ ನಿಮ್ಮ ಮುಖಕ್ಕೆ ಬಂದರೆ ಐಸೋಫ್ಲೂರೇನಿನ ದಾರಿಯೂ ಬೇರೆಯಲ್ಲ.

ಕಿಟಕಿಯ ಕೊಳವೆ ಏನೂ ಇಲ್ಲದ್ದಕ್ಕಿಂತ ಮೇಲು, ಆದರೆ ಗಾಳಿ ಎದುರು ಬೀಸಿದರೆ ಅನಿಲ ಹಿಂದಿರುಗುತ್ತದೆ. ಕೊಳವೆಯ ತುದಿ ಪಕ್ಕದ ಕೋಣೆಯ ಕಿಟಕಿ, ಕಾರಿಡಾರು, ಕಟ್ಟಡ ಗಾಳಿಯನ್ನು ಒಳಗೆಳೆದುಕೊಳ್ಳುವ ಬಾಯಿ ಇವುಗಳಿಂದ ದೂರ, ಚಾವಣಿಯ ಮೇಲೆ ಇರಬೇಕು. ಫ್ಯಾನಿನಿಂದ ಎಳೆಯುವುದಾದರೆ ಕೊಳವೆಯನ್ನು ನೋಸ್ ಕೋನಿಗೆ ನೇರ ಬಿಗಿಯಬಾರದು, ನಡುವೆ ಕೋಣೆಯ ಗಾಳಿ ಸೇರಲು ತೆರವು ಬಿಡಬೇಕು. ಇಲ್ಲದಿದ್ದರೆ ಅದು ಇಲಿಯ ಪಾಲಿನ ಅನಿಲವನ್ನೂ ಎಳೆದುಕೊಂಡು, ಶಸ್ತ್ರಚಿಕಿತ್ಸೆಯ ನಡುವೆ ಅದು ಎಚ್ಚರವಾಗುತ್ತದೆ. ಹೊರಗೆ ಬಿಟ್ಟ ಅನಿಲ ಮಾಯವಾಗುವುದಿಲ್ಲ ಎಂಬುದೂ ನೆನಪಿರಲಿ: ಐಸೋಫ್ಲೂರೇನ್ ವಾತಾವರಣದಲ್ಲಿ ಮೂರು ವರ್ಷಕ್ಕೂ ಹೆಚ್ಚು ಉಳಿದು, ನೂರು ವರ್ಷದ ಲೆಕ್ಕದಲ್ಲಿ ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಐನೂರು ಪಟ್ಟಿನಷ್ಟು ಬಿಸಿಯನ್ನು ಹಿಡಿದಿಡುತ್ತದೆ. ಹಾಗೆಂದು ಅದನ್ನು ಕೋಣೆಯೊಳಗೆ ಇಟ್ಟುಕೊಳ್ಳಲು ಬರುವುದಿಲ್ಲ. ಫ್ಲೋಮೀಟರಿನ ಗುಂಡನ್ನು ಕೆಳಗಿಳಿಸಲು ಮಾತ್ರ ಬರುತ್ತದೆ.